ಮೂರನೆಯ ದಿನದ ಪಾನಕ

ಗೆಂಟ್, ಬೆಲ್ಜಿಯಂ
2 ಮಾರ್ಚ್ 2024

ಸತ್ಯಾ,

ಈ ಕಾಗದ ತಂದುಕೊಡುವವಳು ಚಿನ್ಮಯಿ. ನಮ್ಮ ಬ್ರೂವರಿಯ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಾಳೆ, ತಾಯಿಯ ಮನೆ ಅಲ್ಲೇ ಚೆನ್ನೈನ ಕೀಲ್ಪಾಕ್. ಅವಳ ಪೆಟ್ಟಿಗೆಯಲ್ಲಿ ಹಳೆ ಸೀರೆ ಸುತ್ತಿದ ಎರಡು ಬಾಟಲಿಗಳಿವೆ. ಎರಡೂ ಒಂದೇ ಬಿಯರ್. ಹೌದು, ಬಿಯರ್. ಭಾವನಾ ಮುಖ ಸಿಂಡರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ನಿನ್ನ ಹೆಂಡತಿಗೆ ಹೇಳು, ದೇವರ ಮನೆಗೂ ಇದಕ್ಕೂ ಎಷ್ಟು ದೂರ ಬೇಕೋ ಅಷ್ಟು ದೂರದಲ್ಲಿ ಇಡಲಿ. ಬಿಸಿಲು ಬೀಳದಿದ್ದರೆ ಸಾಕು.

ಹನ್ನೊಂದು ವರ್ಷ ಬೇರೆಯವರು ಬೆರೆಸಿದ್ದನ್ನು ರುಚಿ ನೋಡಿ ವರದಿ ಬರೆದವಳು ನಾನು. ಇದು ನಾನೇ ಬೆರೆಸಿದ್ದು. ಎರಡು ವರ್ಷ ಓಕ್ ಮರದ ಪೀಪಾಯಿಯಲ್ಲಿ ಕೂತು ಹುಳಿ ಬಂದ ಹಳೆಯ ಬಿಯರಿಗೆ ಹೊಸದನ್ನು ಕೂಡಿಸಿ, ಕೊನೆಗೆ ಸಕ್ಕರೆ ಹಾಕಿ ಆ ಹುಳಿಯನ್ನು ಮೆತ್ತಗೆ ಮಾಡುವುದು ಈ ಕಡೆಯ ಪದ್ಧತಿ. ಯಾವ ಪೀಪಾಯಿಯಿಂದ ಎಷ್ಟು, ಸಕ್ಕರೆ ಎಷ್ಟು ಎಂದು ಹೇಳುವವರು ಒಬ್ಬರೇ. ಈ ವರ್ಷ ಅದನ್ನು ನನಗೆ ಕೊಟ್ಟಿದ್ದಾರೆ. ಕಳಿಸಿರುವುದು ಸ್ಯಾಂಪಲ್. ಏಪ್ರಿಲ್ ಕೊನೆಗೆ ನಲವತ್ತು ಪೀಪಾಯಿಗಳನ್ನು ಹೀಗೆಯೇ ಬೆರೆಸಬೇಕು, ಅಥವಾ ಬದಲಾಯಿಸಬೇಕು. ಅದಕ್ಕೆ ಮೊದಲು ನನಗೆ ಅಪ್ಪನ ಚೀಟಿ ಬೇಕು.

ಅಪ್ಪ ಟೇಸ್ಟರ್ ಆಗಿರುವ ಪುರಸೈವಾಕ್ಕಂ ಕಾಫಿಪುಡಿ ಅಂಗಡಿಯ ಮಹಡಿಯ ಮೇಲಿನ ಭಾನುವಾರಗಳು ನಿನಗೆ ಮರೆತಿರಲಾರವು. ಆರು ಲೋಟ ಕಾಫಿ ಡಿಕಾಕ್ಷನ್, ಮೂವರಿಗೂ ಒಂದೊಂದು ಚಮಚ, ನಡುವೆ ಉಗುಳುವುದಕ್ಕೆ ಹಿತ್ತಾಳೆಯ ಪೀಕದಾನಿ. ಯಾರೂ ಮಾತಾಡಬಾರದು. ಒಬ್ಬರ ಮಾತು ಇನ್ನೊಬ್ಬರ ನಾಲಿಗೆಯನ್ನು ಕೆಡಿಸುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಚೀಟಿಯಲ್ಲಿ ಬರೆದು ಬೋರಲು ಹಾಕಬೇಕು. ದೋಷ ಮೊದಲು, ಗುಣ ಆಮೇಲೆ, ಕೆಳಗೆ ಸಹಿ. ಅದಕ್ಕೇ ಫೋನು ಮಾಡದೆ ಬರೆಯುತ್ತಿದ್ದೇನೆ, ನನ್ನ ಅಭಿಪ್ರಾಯವನ್ನೂ ಹೇಳುತ್ತಿಲ್ಲ. ನನ್ನ ಚೀಟಿ ಇಲ್ಲಿ ಡ್ರಾಯರಿನಲ್ಲಿ ಬೋರಲು ಬಿದ್ದಿದೆ.

ಅಪ್ಪನಿಗೆ ಸುಳ್ಳು ಹೇಳಬೇಡ. ಏನು, ಎಲ್ಲಿಂದ ಬಂತು, ಯಾರು ಮಾಡಿದ್ದು, ಎಲ್ಲ ಹೇಳು. ಈ ಕೆಲಸಕ್ಕೆ ಸೇರಿದಾಗ "ಇನ್ನು ನಿನ್ನ ಚೀಟಿ ನನಗೆ ಬೇಡ" ಎಂದು ಬರೆದವರು ಅವರು. ಹನ್ನೊಂದು ವರ್ಷ ನಾನೂ ಕಳಿಸಲಿಲ್ಲ. ಮುಟ್ಟುವುದಿಲ್ಲ ಎಂದರೆ ಮುಟ್ಟಲಿಲ್ಲ ಎಂದು ಬರೆ, ತಡೆದುಕೊಳ್ಳುತ್ತೇನೆ.

ಅಕ್ಕ
ಶ್ರೀಪ್ರಿಯಾ


ತ್ರಿಪ್ಲಿಕೇನ್, ಚೆನ್ನೈ
25 ಮಾರ್ಚ್ 2024

ಅಕ್ಕಾ,

ನಿನ್ನ ಚಿನ್ಮಯಿ ಬಂದದ್ದು ಏಕಾದಶಿಯ ದಿನ. ಬೇರೆ ದಿನ ಸಿಗಲಿಲ್ಲವೇ ಅವಳಿಗೆ? ಅಪ್ಪ ಒಳಗೆ ಪಾರಾಯಣಕ್ಕೆ ಕೂತಿದ್ದರು. ನಾನು ಬಾಗಿಲಲ್ಲೇ ಸೀರೆ ಸುತ್ತಿದ ಗಂಟನ್ನು ಇಸಕೊಂಡೆ. ಭಾವನಾ ಅದೇನೆಂದು ಕೇಳಿ ತಿಳಿದು, ಅಟ್ಟದಲ್ಲಿ ನವರಾತ್ರಿಯ ಬೊಂಬೆ ಇಡುವ ಟ್ರಂಕಿನ ಹಿಂದೆ ತಳ್ಳಿಸಿ, ನನ್ನನ್ನು ಇನ್ನೊಂದು ಸಲ ಸ್ನಾನಕ್ಕೆ ಕಳಿಸಿದಳು. ಸೀರೆ ಮಾತ್ರ ಚೆನ್ನಾಗಿದೆ, ವಾಪಸು ಕೇಳುತ್ತಾರೋ ಎಂದು ವಿಚಾರಿಸಲು ಹೇಳಿದ್ದಾಳೆ.

ಅಪ್ಪ ಚೆನ್ನಾಗಿದ್ದಾರೆ. ಎಪ್ಪತ್ತಾರಾದರೂ ವಾರಕ್ಕೆ ಮೂರು ದಿನ ಅಂಗಡಿಗೆ ಬರುತ್ತಾರೆ. ಈಗಲೂ ಅವರ ಸಹಿ ಇಲ್ಲದೆ ಒಂದು ಮೂಟೆಯೂ ಹುರಿಯುವ ಕಡೆಗೆ ಹೋಗುವುದಿಲ್ಲ. ನಾನು ಮೊದಲಿನಂತೆಯೇ ಪಕ್ಕದಲ್ಲಿ ನಿಂತು ಚಮಚ ತೊಳೆಯುತ್ತೇನೆ.

ನೀನು ಹೇಳಿದಂತೆ ಎಲ್ಲ ಹೇಳಿದೆ. ನಾಳೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತಾರಪ್ಪ ಎಂದರು. ಚಮಚದಲ್ಲಿ ಸೊರ್ ಎಂದು ಎಳೆದು, ಬಾಯಿ ಪೂರ್ತಿ ತಿರುಗಿಸಿ, ಪೀಕದಾನಿಗೆ ಉಗುಳಿದರು. ಉಗುಳಿದ್ದರಿಂದ ಪ್ರಾಯಶ್ಚಿತ್ತದ ಪ್ರಶ್ನೆ ಬರಲಿಲ್ಲ. ಕೈ ನಡುಗುತ್ತದೆ ಎಂದು ಬಾಯಲ್ಲಿ ಹೇಳಿದರು, ನಾನು ಬರೆದುಕೊಂಡೆ. ಸಹಿ ಮಾತ್ರ ಮಾಡಲಿಲ್ಲ. ಮಠದವರ ಕೈಗೆ ಸಿಕ್ಕರೆ ಏನು ಗತಿ ಎಂದರು. ಅವರು ಹೇಳಿದ್ದು ಇಷ್ಟು:

"ದೋಷ: ಇಲ್ಲ.
ಗುಣ: ಹಳೆಯ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿದ ವಾಸನೆ. ಬಾಯಿಗೆ ಬಂದೊಡನೆ ಸಿಹಿ, ಕಲ್ಲುಸಕ್ಕರೆಯದು. ಆಮೇಲೆ ನಾಲಿಗೆಯ ಎರಡೂ ಪಕ್ಕಕ್ಕೆ ಹುಳಿ, ಚುಚ್ಚದ ಹುಳಿ. ಕಹಿ ಇಲ್ಲವೆನ್ನುವಷ್ಟು ಕಡಿಮೆ. ಕೊನೆಗೆ ನೇರಳೆಹಣ್ಣು ತಿಂದಂಥ ಒಗರು, ಮರದಿಂದ ಬಂದದ್ದಿರಬೇಕು. ಒಟ್ಟಿನಲ್ಲಿ ರಾಮನವಮಿಯ ಪಾನಕದ ಮೂರನೆಯ ದಿನ."

ಇನ್ನೊಂದು ಬಾಟಲಿ ಹಾಗೇ ಇದೆ.

ಸತ್ಯಾತ್ಮ


ಗೆಂಟ್
14 ಏಪ್ರಿಲ್ 2024

ಸತ್ಯಾ,

ನಿನ್ನ ಕಾಗದವನ್ನು ಟ್ರಾಮಿನಲ್ಲಿ ಒಡೆದು ಓದಿದ್ದು ತಪ್ಪಾಯಿತು. ಎದುರು ಕೂತ ಹೆಂಗಸು ಕರ್ಚೀಫು ಕೊಟ್ಟಳು. ಯಾರೋ ಸತ್ತಿದ್ದಾರೆ ಎಂದುಕೊಂಡಿರಬೇಕು ಪಾಪ.

ಅಪ್ಪನಿಗೆ ಆ ಪಾನಕ ನೆನಪಿದೆ. ನನಗೆ ಆಗ ಹನ್ನೆರಡು ವರ್ಷ. ರಾಮನವಮಿಯ ಪಾನಕವನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ತುಂಬಿ ನೀರಿನ ಹಂಡೆಯ ಹಿಂದೆ ಬಚ್ಚಿಟ್ಟು, ಮೂರನೆಯ ದಿನ ಅದು ಬುಸ್ ಎಂದು ನೊರೆ ಬಂದಾಗ ಅಪ್ಪನ ಮುಂದೆ ಹಿಡಿದೆ. ಅಮ್ಮ ಹೊಡೆಯಲು ಬಂದರು. ಅಪ್ಪ ತಡೆದು, ಚಮಚ ತರಿಸಿ, ರುಚಿ ನೋಡಿ, ನನಗೆ ಚೀಟಿ ಬರೆದುಕೊಟ್ಟರು. ಜೀವನದಲ್ಲಿ ನನಗೆ ಸಿಕ್ಕ ಮೊದಲ ಚೀಟಿ. ನಾನು ಈ ಕಸುಬಿಗೆ ಬಂದದ್ದು ಯಾವ ಕಾಲೇಜಿನಿಂದಲೂ ಅಲ್ಲ, ಆ ಬಾಟಲಿಯಿಂದ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಮೂವತ್ನಾಲ್ಕು ವರ್ಷದ ಮೇಲೆ ಅವರೇ ಹೇಳಿಬಿಟ್ಟರು.

ಇನ್ನೊಂದು ವಿಷಯ ನೀನು ಗಮನಿಸಿದೆಯೋ ಇಲ್ಲವೋ. ಅಪ್ಪ ಯಾವತ್ತಾದರೂ ದೋಷ ಇಲ್ಲ ಎಂದು ಬರೆದದ್ದುಂಟೇ? ತಾವು ಮನೆಗೆ ತರುತ್ತಿದ್ದ ಒಳ್ಳೆಯ ಪೀಬೆರಿ ಕಾಫಿಪುಡಿಗೂ ದೋಷ ಬರೆದವರು ಅವರು. ಹಾಗಿರುವಾಗ ನನಗೆ "ಇಲ್ಲ" ಎಂದು ಬರೆಸಿದರೆ ಅದರ ಅರ್ಥ ನನಗೆ ಗೊತ್ತು. ಅದು ಬಿಯರಿನ ಬಗ್ಗೆ ಹೇಳಿದ ಮಾತಲ್ಲ. ಕ್ಷಮಿಸಿದೆ ಎಂದು ಬಾಯಲ್ಲಿ ಹೇಳಲಾಗದವರು ಚೀಟಿಯಲ್ಲಿ ಹೇಳಿದ್ದಾರೆ.

ಸಕ್ಕರೆಯನ್ನು ಕಡಿಮೆ ಮಾಡಬೇಕೇ ಎಂಬ ಅನುಮಾನ ನನಗೆ ಇತ್ತು. ಈಗ ಇಲ್ಲ. ನಲವತ್ತು ಪೀಪಾಯಿಗೂ ಅದೇ ಲೆಕ್ಕ ಎಂದು ನಿನ್ನೆ ಬರೆದುಕೊಟ್ಟೆ.

ಆಗಸ್ಟಿನಲ್ಲಿ ರಾಯರ ಆರಾಧನೆಗೆ ಬರುತ್ತೇನೆ. ಅಪ್ಪನಿಗೆ ಮೊದಲೇ ಹೇಳಬೇಡ, ಬಾಗಿಲು ಅವರೇ ತೆಗೆಯಲಿ. ನೀನು ಬರೆದುಕೊಂಡ ಚೀಟಿಗೆ ನಾನು ಬಂದಾಗ ಅವರ ಸಹಿ ಹಾಕಿಸಿಕೊಳ್ಳುತ್ತೇನೆ. ನಿನಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಚಿಕ್ಕಂದಿನಿಂದ ನನ್ನ, ಅಪ್ಪನ ನಡುವೆ ಓಡಾಡಿಯೇ ನಿನ್ನ ಕಾಲು ಸವೆಯಿತು.

ಅಕ್ಕ


ತ್ರಿಪ್ಲಿಕೇನ್
9 ಜೂನ್ 2024

ಅಕ್ಕಾ,

ನಿನ್ನ ಮೂರು ಮೆಸೇಜಿಗೂ ಉತ್ತರ ಕೊಡಲಿಲ್ಲ. ಕೊಡುವುದಕ್ಕೆ ಏನೂ ಇರಲಿಲ್ಲ. ಈಗ ನೀನು ಟಿಕೆಟ್ ತೆಗೆದಿದ್ದೇನೆ ಎಂದು ಬರೆದಿರುವುದರಿಂದ ಹೇಳಲೇಬೇಕು.

ಅಪ್ಪನಿಗೆ ರುಚಿ ಹೋಗಿ ಮೂರು ವರ್ಷವಾಯಿತು. ಕೊರೊನಾದ ಎರಡನೆಯ ಅಲೆಯಲ್ಲಿ ಜ್ವರ ಬಂದು ಹೋಯಿತಲ್ಲ, ಆಗ. ಎಲ್ಲರಿಗೂ ವಾಪಸು ಬಂತು, ಅವರಿಗೆ ಬರಲಿಲ್ಲ. ವಾಸನೆಯೂ ಇಲ್ಲ. ಭಾವನಾ ಒಂದು ದಿನ ಸಾರಿಗೆ ಉಪ್ಪು ಮರೆತಿದ್ದಳು. ಅಪ್ಪ ಎರಡು ಸಲ ಬಡಿಸಿಕೊಂಡು, ಇವತ್ತು ಸಾರು ತುಂಬಾ ಚೆನ್ನಾಗಿದೆಯಮ್ಮಾ ಎಂದರು. ಆಗ ನನಗೆ ತಿಳಿಯಿತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಾರನೆಯ ವಾರದಿಂದ ಅಂಗಡಿಯಲ್ಲಿ ಅವರು ಚಮಚ ಎತ್ತಿ ಎಳೆದು ಉಗುಳುತ್ತಾರೆ, ನಾನು ಅದೇ ಲೋಟದಿಂದ ನೋಡಿ ಚೀಟಿ ಬರೆಯುತ್ತೇನೆ, ಅವರು ಸಹಿ ಹಾಕುತ್ತಾರೆ. ಧಣಿ ಶಂಕರನಾರಾಯಣ ಅವರಿಗೆ ಚೀಟಿಯ ಕೆಳಗೆ ಅಪ್ಪನ ರಘುರಾಮ ಎಂಬ ಸಹಿ ಬೇಕು, ಅಷ್ಟೇ. ಮೂರು ವರ್ಷದಲ್ಲಿ ಒಂದು ಮೂಟೆಯೂ ವಾಪಸು ಬಂದಿಲ್ಲ.

ಆದ್ದರಿಂದ ನಿನಗೆ ಬಂದ ಚೀಟಿ ನನ್ನದು. ಬಾಟಲಿಯನ್ನು ಅಪ್ಪನಿಗೆ ತೋರಿಸಲೇ ಇಲ್ಲ. ತೋರಿಸಿದ್ದರೆ ಅವರು ತಿಳಿಯುವುದಿಲ್ಲ ಎನ್ನಬೇಕಾಗುತ್ತಿತ್ತು, ಅದನ್ನು ನಾನು ನಿನಗೆ ಬರೆಯಬೇಕಾಗುತ್ತಿತ್ತು. ಅವರ ಮಾನ ಉಳಿಸಲು ಹೋದೆ ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನ ಏಪ್ರಿಲ್ ಕಾಗದ ಓದುವವರೆಗೆ ನನಗೆ ತಪ್ಪು ಮಾಡಿದೆ ಎನಿಸಿತ್ತು. ಓದಿದ ಮೇಲೆ ಸಿಟ್ಟು ಬಂತು. ಆ ಪಾನಕ ಕುಡಿದವನು ನಾನೂ ಹೌದು ಅಕ್ಕಾ. ಹಂಡೆಯ ಹಿಂದೆ ಬಾಟಲಿ ಇಟ್ಟವಳು ನೀನು, ಯಾರೂ ನೋಡದಂತೆ ಕಾವಲಿದ್ದವನು ನಾನು. ಅಪ್ಪ ಚಮಚ ಕೆಳಗಿಟ್ಟ ಮೇಲೆ ನಾನೂ ಒಂದು ಚಮಚ ಕುಡಿದು ಚೀಟಿ ಬರೆದು ಬೋರಲು ಹಾಕಿದೆ. ಎಂಟು ವರ್ಷದವನ ಚೀಟಿಯನ್ನು ಯಾರೂ ತಿರುವಿ ನೋಡಲಿಲ್ಲ. ನಿನ್ನ ನೆನಪಿನಲ್ಲಿ ನಾನು ಅಲ್ಲಿ ಇಲ್ಲವೇ ಇಲ್ಲ. ನನ್ನ ಮಾತನ್ನು ಓದಿ ನೀನು ಟ್ರಾಮಿನಲ್ಲಿ ಅತ್ತೆ, ಏಕೆಂದರೆ ಅದು ಅಪ್ಪನದು ಎಂದುಕೊಂಡಿದ್ದೆ. ಕೆಳಗೆ ಸತ್ಯಾತ್ಮ ಎಂದು ಇದ್ದಿದ್ದರೆ ಎರಡು ಸಲ ಓದುತ್ತಿದ್ದೆಯಾ?

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಹನ್ನೊಂದು ವರ್ಷ ಹೇಳದೆ ಇಟ್ಟುಕೊಂಡಿದ್ದೆ. ಅಪ್ಪ ನಿನ್ನ ಹೆಸರೆತ್ತುವುದಿಲ್ಲ ಎಂದು ನೀನು ತಿಳಿದಿದ್ದೀಯ. ಎತ್ತುತ್ತಾರೆ. ನಾನು ಬರೆದ ಚೀಟಿ ನೋಡಿದಾಗಲೆಲ್ಲ "ಶ್ರೀಪ್ರಿಯಾಳ ನಾಲಿಗೆ ಇದ್ದಿದ್ದರೆ" ಎನ್ನುತ್ತಾರೆ. ಅಲ್ಲಿಗೆ ನಿಲ್ಲಿಸಿ ಸಹಿ ಹಾಕುತ್ತಾರೆ. ಮೂಟೆಗಳ ನಡುವೆ ಹೆಣ್ಣುಹುಡುಗಿ ಕೂರುವುದು ಚೆನ್ನಲ್ಲ ಎಂದು ನಿನ್ನನ್ನು ಬಿಟ್ಟು ನನ್ನನ್ನು ಅಂಗಡಿಗೆ ಸೇರಿಸಿದವರು ಅವರೇ. ಅದರ ಪಶ್ಚಾತ್ತಾಪವನ್ನು ದಿನಾ ಉಣ್ಣುತ್ತಿರುವವನು ನಾನು. ನಿನಗೆ ಬರೆದಿದ್ದರೆ ನೀನು ಆವತ್ತೇ ಬಂದುಬಿಡುತ್ತಿದ್ದೆ. ಅದಕ್ಕೇ ಬರೆಯಲಿಲ್ಲ.

ಕೊನೆಯದಾಗಿ ಚೀಟಿ. ಈ ಸಲ ನನ್ನ ಹೆಸರಿನಲ್ಲಿ.

"ದೋಷ: ಸಕ್ಕರೆ ಬೆರೆತಿಲ್ಲ, ಮೇಲೆ ಕೂತಿದೆ. ಮೊದಲು ಸಿಹಿ, ಆಮೇಲೆ ಹುಳಿ, ಎರಡಕ್ಕೂ ಪರಿಚಯವಿಲ್ಲ. ಒಂದು ಪೀಪಾಯಿ ವಿನೆಗರ್ ಕಡೆಗೆ ಹೋಗಿದೆ, ಅದನ್ನು ಮುಚ್ಚಲು ಸಕ್ಕರೆ ಹೆಚ್ಚಾಗಿದೆ. ಮಾಡಿದವರಿಗೆ ಹೆದರಿಕೆ ಇತ್ತು.
ಗುಣ: ಹಿಂದೆ ಬರೆದದ್ದೇ. ಅದರಲ್ಲಿ ಸುಳ್ಳಿಲ್ಲ.
ಸತ್ಯಾತ್ಮ."


ಗೆಂಟ್
30 ಜೂನ್ 2024

ಸತ್ಯಾತ್ಮ,

ನಲವತ್ತು ಪೀಪಾಯಿಯೂ ಬಾಟಲಿಗೆ ಹೋಗಿಯಾಯಿತು. ನಿನ್ನ ಕಾಗದ ತಲುಪುವುದಕ್ಕೆ ಒಂದು ವಾರ ಮೊದಲು ನಮ್ಮ ಮುಖ್ಯಸ್ಥರು ರುಚಿ ನೋಡಿ ಎರಡು ಸಾಲು ಬರೆದರು. ಸಿಹಿ ಒಂದು ಕಡೆ, ಹುಳಿ ಒಂದು ಕಡೆ. ಮುಂದಿನ ವರ್ಷ ಬೆರೆಸುವ ಕೆಲಸ ಬೇರೆಯವರಿಗೆ. ನಾನು ಮತ್ತೆ ಲ್ಯಾಬಿಗೆ, ವರದಿ ಬರೆಯಲು.

ನಿನ್ನ ನಾಲಿಗೆ ಸರಿ ಇದೆ. ಸಂತೋಷವಾಯಿತೇ? ಮಾರ್ಚಿನಲ್ಲಿ ಅದೇ ನಾಲಿಗೆ ಇತ್ತು, ಅದೇ ಪೆನ್ನು ಇತ್ತು. ದೋಷ ಇಲ್ಲ ಎಂದು ಬರೆದದ್ದು ಅಪ್ಪನ ಮಾನಕ್ಕೂ ಅಲ್ಲ, ನನ್ನ ಮೇಲಿನ ಕರುಣೆಗೂ ಅಲ್ಲ. ಅಪ್ಪ ನನಗೆ ಏನು ಬರೆದರೂ ನಾನು ನಂಬುತ್ತೇನೆ ಎಂದು ನಿನಗೆ ಗೊತ್ತಿತ್ತು. ಅದನ್ನು ಒಂದು ಸಲ ನೋಡಬೇಕಾಗಿತ್ತು ನಿನಗೆ.

ನನ್ನ ತಪ್ಪನ್ನೂ ಹೇಳುತ್ತೇನೆ. ಡ್ರಾಯರಿನಲ್ಲಿ ಬೋರಲು ಬಿದ್ದಿದ್ದ ನನ್ನ ಚೀಟಿಯನ್ನು ಇವತ್ತು ತಿರುವಿದೆ. ಮೊದಲನೆಯ ಸಾಲು, "ದೋಷ: ಸಕ್ಕರೆ ಹೆಚ್ಚು, ಬೆರೆತಿಲ್ಲ." ಫೆಬ್ರವರಿಯಲ್ಲೇ ಬರೆದಿದ್ದೆ. ನನ್ನ ನಾಲಿಗೆಗೆ ಗೊತ್ತಿದ್ದದ್ದನ್ನು ಅಪ್ಪನ ಹೆಸರು ಕಂಡೊಡನೆ ಬಿಟ್ಟುಕೊಟ್ಟೆ. ನಲವತ್ತಾರು ವರ್ಷದ ಹೆಂಗಸು ಹಾಗೆ ಮಾಡಬಾರದಾಗಿತ್ತು.

ಆ ದಿನ ನೀನು ಅಲ್ಲಿದ್ದದ್ದು ನನಗೆ ನೆನಪಿರಲಿಲ್ಲ. ಅದಕ್ಕೆ ಕ್ಷಮೆ ಕೇಳಬೇಕು. ಈಗ ಮನಸ್ಸಿಲ್ಲ.

ಟಿಕೆಟ್ ಕ್ಯಾನ್ಸಲ್ ಮಾಡಿದ್ದೇನೆ. ಅಪ್ಪನ ಮುಂದೆ ಕೂತು, ಗೊತ್ತಿಲ್ಲದವಳಂತೆ ನಟಿಸಿ, ಅವರು ಸಾರು ಚೆನ್ನಾಗಿದೆ ಎನ್ನುವುದನ್ನು ಕೇಳುವ ಶಕ್ತಿ ನನಗಿಲ್ಲ. ಎರಡನೆಯ ಬಾಟಲಿಯನ್ನು ಮೋರಿಗೆ ಸುರಿದುಬಿಡು.

ಶ್ರೀಪ್ರಿಯಾ


ತ್ರಿಪ್ಲಿಕೇನ್
1 ಸೆಪ್ಟೆಂಬರ್ 2024

ಅಕ್ಕಾ,

ಬಾಟಲಿಯನ್ನು ಸುರಿಯಲಿಲ್ಲ. ಸುರಿಯಬೇಕೆಂದು ಎರಡು ಸಲ ಟ್ರಂಕಿನ ಹತ್ತಿರ ಹೋಗಿ ವಾಪಸು ಬಂದೆ. ಮುಂದಿನದನ್ನು ನಡೆದಂತೆ ಬರೆಯುತ್ತೇನೆ. ಈ ಸಲ ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ.

ಆರಾಧನೆಯ ಕೊನೆಯ ದಿನ ಮಠದಲ್ಲಿ ಊಟಕ್ಕೆ ಕೂತಿದ್ದೆವು. ಚಿನ್ಮಯಿಯ ತಾಯಿ ಕಲಾವತಿ ಅಪ್ಪನ ಮುಂದೆ ಬಂದು ನಿಂತು, ನಿಮ್ಮ ಮಗಳು ಬರುತ್ತೇನೆಂದಿದ್ದಳಂತೆ, ಬರಲಿಲ್ಲವೇ ಎಂದು ಕೇಳಿದರು. ಅಲ್ಲಿಗೂ ಬಿಡಲಿಲ್ಲ. ನಮ್ಮ ಹುಡುಗಿ ಅಷ್ಟು ಜೋಪಾನವಾಗಿ ತಂದ ಬಾಟಲಿ ಹೇಗಿತ್ತು ಮಾಮಾ ಎಂದರು. ಸುತ್ತಲಿನ ನಾಲ್ಕು ಎಲೆಯವರು ಕತ್ತೆತ್ತಿ ನೋಡಿದರು. ಅಪ್ಪ "ಚೆನ್ನಾಗಿತ್ತಮ್ಮಾ" ಎಂದು ಹೇಳಿ ಊಟ ಮುಂದುವರಿಸಿದರು.

ಮನೆಗೆ ಬಂದ ಮೇಲೆ ಅವರು ಕೇಳಿದರು, ನಾನು ಹೇಳಿದೆ. ನಿನ್ನ ಮೂರು ಕಾಗದಗಳನ್ನೂ, ನನ್ನ ಚೀಟಿಗಳ ನಕಲನ್ನೂ ಕೊಟ್ಟೆ. ಕನ್ನಡಕ ಒರೆಸಿಕೊಂಡು ನಿಧಾನವಾಗಿ ಓದಿದರು. ಬೈಯಲಿಲ್ಲ.

ಮಾರನೆಯ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಬರಿ ಹೊಟ್ಟೆಯಲ್ಲಿ ವರಾಂಡದ ಕುರ್ಚಿಯಲ್ಲಿ ಬಂದು ಕೂತರು. ಚಮಚ ತಾ ಎಂದರು. ಲೋಟ, ಪೀಕದಾನಿ, ಅಂಗಡಿಯ ಚೀಟಿ ಪುಸ್ತಕ. ಬಾಟಲಿಯ ಮುಚ್ಚಳ ತೆಗೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದು. ಮೊದಲನೆಯ ಸಲ ನಾನು ಬಾಗಿಲ ಚಿಲಕಕ್ಕೆ ಕೊಟ್ಟು ತೆಗೆದಿದ್ದೆ, ಈ ಸಲವೂ ಹಾಗೇ ಮಾಡಿದೆ. ಭಾವನಾ ಒಳಗೆ ಹೋಗಿ ದೇವರ ಮನೆಯ ಬಾಗಿಲು ಹಾಕಿಕೊಂಡಳು.

ಬಣ್ಣ ನೋಡಿದರು. ಲೋಟವನ್ನು ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದರು. ಆಮೇಲೆ ಚಮಚದಲ್ಲಿ ಎಳೆದರು, ಅದೇ ಹಳೆಯ ಸೊರ್ ಎಂಬ ಸದ್ದು. ಬಾಯಿ ತಿರುಗಿಸಿದರು. ನಾನು ಪೀಕದಾನಿಯನ್ನು ಮುಂದೆ ಹಿಡಿದೆ. ಅವರು ಉಗುಳಲಿಲ್ಲ, ನುಂಗಿದರು. ಇನ್ನೊಂದು ಚಮಚ, ಅದನ್ನೂ ನುಂಗಿದರು. ಐವತ್ತು ವರ್ಷ ಕಾಫಿಯನ್ನೇ ನುಂಗದೆ ಉಗುಳಿದ ಮನುಷ್ಯ.

ಅಪ್ಪಾ, ಉಗುಳಿಬಿಡಿ ಎಂದೆ.

"ನಾಲಿಗೆಗೆ ತಿಳೀಲಿಲ್ಲಪ್ಪಾ," ಎಂದರು. "ಗಂಟಲಿಗಾದ್ರೂ ತಿಳಿಯತ್ತೇನೋ ಅಂತ ನೋಡಿದೆ."

ನಾನು ಮಾರ್ಚಿನಲ್ಲಿ ಬರೆದ ಚೀಟಿಯನ್ನು ಅವರ ಮುಂದಿಟ್ಟೆ. ಇದಕ್ಕೇ ಸಹಿ ಹಾಕಿಬಿಡಿ, ಅಂಗಡಿಯಲ್ಲಿ ಹಾಕುವುದಿಲ್ಲವೇ, ಅವಳು ಅದನ್ನೇ ಕಾಯುತ್ತಿದ್ದಳು ಎಂದೆ. ನಿಜ ಹೇಳಲೇ? ಹಾಕಲಿ ಎಂಬ ಆಸೆ ನನಗೂ ಇತ್ತು. ನಾನು ಬರೆದದ್ದು ನಿನ್ನ ಕೈಯಲ್ಲಾದರೂ ಅವರದಾಗಿ ಉಳಿಯುತ್ತಿತ್ತು.

"ಅಂಗಡಿಗೆ ಹಾಕಿದ್ದೇ ಸಾಕು," ಎಂದರು. "ಅವಳಿಗೆ ಬೇಡ."

ಹೊಸ ಚೀಟಿ ಹರಿದು ತಾವೇ ಬರೆದರು. ನನ್ನ ಕೈಗೆ ಪೆನ್ನು ಕೊಡಲಿಲ್ಲ. ಬರೆದು, ಬೋರಲು ಹಾಕಿ, ಎದ್ದು ಇನ್ನೊಂದು ಸಲ ಸ್ನಾನಕ್ಕೆ ಹೋದರು. ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಸೋಮವಾರ ಅಂಗಡಿಗೆ ಬಂದು, ಚಮಚ ಮುಟ್ಟದೆ ನೇರವಾಗಿ ಶಂಕರನಾರಾಯಣ ಅವರ ಹತ್ತಿರ ಹೋದರು. ಮೂರು ವರ್ಷದಿಂದ ನನಗೆ ರುಚಿ ತಿಳಿಯುತ್ತಿಲ್ಲ, ಸುಮ್ಮನೆ ಸಹಿ ಹಾಕುತ್ತಿದ್ದೆ ಎಂದು ಹೇಳಿದರು. ಹಾಗಾದರೆ ಆ ಚೀಟಿಗಳನ್ನು ಬರೆದವರು ಯಾರು ಎಂದು ಧಣಿ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಅಪ್ಪ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಮೂರು ಅಡಿ ದೂರದಲ್ಲಿ ತೊಳೆದ ಚಮಚಗಳನ್ನು ಹಿಡಿದುಕೊಂಡು ನಿಂತಿದ್ದೆ. ಕೊಯಮತ್ತೂರಿನಿಂದ ಗಿರಿಧರ್ ಎಂಬ ಹೊಸ ಟೇಸ್ಟರ್ ಬರುತ್ತಾನಂತೆ. ನನ್ನನ್ನು ಕೆಳಗೆ ಪೊಟ್ಟಣ ಕಟ್ಟುವ ವಿಭಾಗಕ್ಕೆ ಹಾಕಿದ್ದಾರೆ.

ಬರುವಾಗ ಬಸ್ಸಿನಲ್ಲಿ ಅಪ್ಪನನ್ನು ಕೇಳಿಯೇಬಿಟ್ಟೆ, ನನ್ನ ಹೆಸರನ್ನು ಯಾಕೆ ಹೇಳಲಿಲ್ಲ ಎಂದು. ಅವರು ಕಿಟಕಿಯ ಕಡೆ ನೋಡುತ್ತಾ, ನಿನ್ನನ್ನೂ ಕಳ್ಳ ಅಂದುಬಿಟ್ಟಾರು ಅಂತ ಸುಮ್ಮನಿದ್ದೆ ಎಂದರು. ಇರಬಹುದು. ನಿಜವೂ ಇರಬಹುದು. ಅದನ್ನು ನಂಬುವ ನಾಲಿಗೆ ನನಗಿನ್ನೂ ಬಂದಿಲ್ಲ.

ಅಪ್ಪನ ಚೀಟಿ ಇದರೊಳಗೆ ಇದೆ. ನಿನಗೆ ಬರೆದದ್ದು, ನಾನು ತಿರುವಿ ನೋಡಬಾರದಾಗಿತ್ತು, ನೋಡಿದೆ. ಅಂಚೆಯಲ್ಲಿ ಕಳೆದುಹೋದರೆ ಎಂದು ಇಲ್ಲಿಯೂ ಬರೆಯುತ್ತೇನೆ:

"ಮಾದರಿ: ಶ್ರೀಪ್ರಿಯಾ ಮಾಡಿದ್ದು.
ದೋಷ: ತಿಳಿಯಲಿಲ್ಲ.
ಗುಣ: ತಿಳಿಯಲಿಲ್ಲ.
ರಘುರಾಮ."

ಮೂರು ವರ್ಷದಲ್ಲಿ ಅವರು ರುಚಿ ನೋಡಿ, ತಮ್ಮ ಕೈಯಲ್ಲಿ, ನಿಜ ಬರೆದು ಸಹಿ ಹಾಕಿದ ಚೀಟಿ ಇದೊಂದೇ. ಅದೂ ನಿನಗೇ ಬಂತು.

ಮೂಲ ನಿನ್ನದು, ಇಟ್ಟುಕೋ. ಮಠದ ಎದುರಿನ ಅಂಗಡಿಯಲ್ಲಿ ಒಂದು ಜೆರಾಕ್ಸ್ ಮಾಡಿಸಿ ನಾನು ಇಟ್ಟುಕೊಂಡಿದ್ದೇನೆ.

ಸತ್ಯಾತ್ಮ